ಮಂಜುಗಡ್ಡೆಯಿಂದ ಆವಿಯವರೆಗೆ

ಕೆಲವು ದಿನಗಳ ಹಿಂದೆ ನಮ್ಮ ಮನೆಯಲ್ಲಿ ಒಂದೇ ಸಂಜೆ ಎರಡು ಸಂಗತಿಗಳು ನಡೆದುವು. ಪಾಠ ಓದಿಕೊಳ್ಳುತ್ತಿದ್ದ ಬಾಲಕನು ಲೆಕ್ಕವೊಂದನ್ನು ತಪ್ಪಾಗಿ ಮಾಡಿದನು. ಅನ್ನದ ತಪ್ಪಲೆಯ ಮುಚ್ಚಳವನ್ನು ಬರಿಗೈಯಿಂದ ತೆಗೆಯಹೋಗಿ ನಾವು ಆವಿಯಿಂದ ಮುಂಗೈಯನ್ನು ಸುಟ್ಟುಕೊಂಡೆವು. ಇವೆರಡಕ್ಕೂ ಸಂಬಂಧವುಂಟೆಂದು ಆಗ ತೋರಲಿಲ್ಲ. ಕೈಯ ಉರಿ ಶಾಂತವಾದ ಮೇಲೆ ಆಲೋಚಿಸಲಾಗಿ, ಹುಡುಗನು ಲೆಕ್ಕದಲ್ಲಿ ಯಾವುದನ್ನು ಬಿಟ್ಟಿದ್ದನೋ ಅದನ್ನೇ ನಾವು ಅಡಿಗೆಯ ಮನೆಯಲ್ಲಿ ಮರೆತಿದ್ದೆವೆಂದು ತಿಳಿಯಿತು. ಆ ವಿಷಯವನ್ನು ಗೃಹಸ್ಥರಾದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಲೆಕ್ಕವು ಹೀಗಿತ್ತು: ೧೦೦ ಗ್ರಾಂ ತೂಕದ ಮಂಜುಗಡ್ಡೆಯೊಂದು ಸೊನ್ನೆಗಿಂತ ೧೦ ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿದೆ. ಅದನ್ನು ೧೦೦ ಡಿಗ್ರಿಯ ಆವಿಯನ್ನಾಗಿ ಮಾಡಲು ಎಷ್ಟು ಉಷ್ಣ ಬೇಕು? ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಉಷ್ಣವನ್ನು ಒಂದು ಕೆಲೊರಿ ಎನ್ನುತ್ತಾರೆ. ಹುಡುಗನು ಏರಬೇಕಾದ ೧೧೦ ಡಿಗ್ರಿಯನ್ನು ೧೦೦ ಗ್ರಾಮಿನಿಂದ ಗುಣಿಸಿ, ೧೧,೦೦೦ ಕೆಲೊರಿ ಎಂದು ಬರೆದು ನಿಶ್ಚಿಂತನಾದನು. ನಿಜವಾದ ಉತ್ತರವು ಇದರ ಆರು ಪಟ್ಟಿಗಿಂತಲೂ ಹೆಚ್ಚು.

ಹುಡುಗನನ್ನು ದೂರುವಂತಿಲ್ಲ. ಮಂಜುಗಡ್ಡೆಯು ಕರಗುವ ಮಟ್ಟವನ್ನು ಮುಟ್ಟಿದ ಬಳಿಕ ಅಲ್ಪ ಉಷ್ಣ ತಗುಲಿದರೂ ಸಾಕು, ಒಮ್ಮೆಗೇ ನೀರಾಗುವುದೆಂದು ಹಿಂದಿನ ಪಂಡಿತರೂ ನಂಬಿದ್ದರು. ಹಾಗಾಗಿದ್ದರೆ ಹಿಮಪರ್ವತಗಳ ಹಿಮವೆಲ್ಲ ಬೇಸಗೆಯ ಮೊದಲ ಬಿಸಿಲಿಗೇ ಕರಗಿ, ತಪ್ಪಲಿನ ಊರುಗಳನ್ನು ಕೊಚ್ಚಿಕೊಂಡು ಹೋಗಬೇಕಾಗಿತ್ತು. ಹಾಗಾಗದಿರುವುದೇತಕ್ಕೆಂದು ಯೋಚಿಸಿದವನು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಅಧ್ಯಾಪಕನಾದ ಜೋಸೆಫ್ ಬ್ಲ್ಯಾಕ್.

ಆತನು ಎರಡು ಗಾಜಿನ ಬುರುಡೆಗಳಲ್ಲಿ ಸಮತೂಕದ ನೀರನ್ನು ತುಂಬಿ, ಒಂದನ್ನು ಹೆಪ್ಪುಗಟ್ಟಿಸಿ, ಮತ್ತೊಂದನ್ನು ಹೆಪ್ಪುಗಟ್ಟದಷ್ಟು ಮಾತ್ರ ತಣ್ಣಗೆ ಮಾಡಿ, ಎರಡನ್ನೂ ಒಂದೇ ಕೋಣೆಯಲ್ಲಿ ತೂಗಹಾಕಿದನು. ನೀರು ಅರ್ಧ ಗಂಟೆಯಲ್ಲಿ ಫ್ಯಾರನ್‌ಹೀಟ್ ಮಾನದ ೩೩ ಡಿಗ್ರಿಯಿಂದ ೪೦ ಡಿಗ್ರಿಗೆ ಏರಿತು. ಮಂಜುಗಡ್ಡೆಯು ಕರಗಿ ಅದೇ ೪೦ ಡಿಗ್ರಿಗೆ ಬರಲು ಹತ್ತೂವರೆ ಗಂಟೆ, ಎಂದರೆ ೨೧ ಅರ್ಧಗಂಟೆಗಳು ಹಿಡಿದುವು. ಅರ್ಧ ಗಂಟೆಗೆ ೭ ಡಿಗ್ರಿಯಂತೆ ಎಣಿಸಿದರೆ ೧೪೭ ಡಿಗ್ರಿಗೆ ಸಾಲುವಷ್ಟು ಉಷ್ಣವು ಅದರೊಳಕ್ಕೆ ಹೋಗಿತ್ತು. ಉಷ್ಣಮಾಪಕವು ತೋರಿಸಿದ್ದಾದರೋ ೩೨ರಿಂದ ೪೦ರವರೆಗಿನ ೮ ಡಿಗ್ರಿ ಮಾತ್ರ. ಉಳಿದ ೧೩೯ ಎಲ್ಲಿ ಹೋಯಿತು? ಗಡ್ಡೆಯನ್ನು ನೀರು ಮಾಡುವ ಕೆಲಸದಲ್ಲಿ ಅಡಗಿಹೋಯಿತು. ಇದು ಸೆಂಟಿಗ್ರೇಡ್ ಮಾನದಲ್ಲಿ ೭೭ ಆಗುತ್ತದೆ. ಇಂದಿನ ಸೂಕ್ಷ್ಮಯಂತ್ರಗಳ ಲೆಕ್ಕವು ೮೦. ಎರಡು ಬುರುಡೆ, ಒಂದು ಉಷ್ಣಮಾಪಕ, ಒಂದು ಗಡಿಯಾರ ಇವುಗಳಿಂದಲೇ ಇಷ್ಟು ಸಮೀಪಕ್ಕೆ ಬಂದ ಆ ಮಹನೀಯನು ೧೭೬೨ರಲ್ಲಿ ಈ ವಿಚಾರವನ್ನು ಆ ವಿಶ್ವವಿದ್ಯಾನಿಲಯದ ವಿದ್ವತ್ಸಭೆಯಲ್ಲಿ ಓದಿದನು.

ಈ ಉಷ್ಣಕ್ಕೆ ನಮ್ಮವರು ಗುಪ್ತೋಷ್ಣವೆಂದು ಹೆಸರಿಟ್ಟಿರುವುದು ಬಹು ಉಚಿತವಾಗಿದೆ. ಗುಪ್ತ, ಉಷ್ಣ ಎಂಬ ಪದಗಳು ಗುಣಸಂಧಿಯಿಂದ ಕೂಡಿದಾಗ ಅಕಾರವೂ ಉಕಾರವೂ ಮರೆಯಾಗಿ ಓಕಾರವು ಕಾಣಿಸುತ್ತದೆ. ಮರೆಯಾದುವು ನಾಶವಾದುವೆಂದಲ್ಲ, ಸಂಧಿಯನ್ನು ಬಿಡಿಸಿದರೆ ಮರಳಿ ಬರುತ್ತವೆ. ಗುಪ್ತೋಷ್ಣದ ಸ್ವಭಾವವೂ ಅದೇ. ಅಣುಗಳನ್ನು ಒಂದಕ್ಕೊಂದು ಹಿಡಿದಿರುವ ಕಟ್ಟನ್ನು ಬಿಡಿಸುವುದರಲ್ಲಿ ಅದು ವ್ಯಯವಾಗುವುದರಿಂದ ಉಷ್ಣಮಾಪಕಕ್ಕೆ ಕಾಣದು. ಅಣುಗಳು ಪುನಃ ಕೂಡಿಕೊಂಡಾಗ ಅಷ್ಟೂ ಹೊರಕ್ಕೆ ಬರುತ್ತದೆ.

ಈಗ ಲೆಕ್ಕವನ್ನು ನಾಲ್ಕು ಮೆಟ್ಟಲುಗಳಲ್ಲಿ ಮಾಡೋಣ. ಗಡ್ಡೆಯನ್ನು ಸೊನ್ನೆ ಡಿಗ್ರಿಗೆ ತರುವುದು ಮೊದಲನೆಯದು. ಮಂಜುಗಡ್ಡೆಗೆ ನೀರಿನ ಅರ್ಧದಷ್ಟು ಉಷ್ಣ ಸಾಕಾದ್ದರಿಂದ, ೧೦೦ನ್ನು ಅರ್ಧದಿಂದಲೂ ೧೦ರಿಂದಲೂ ಗುಣಿಸಿ ೫೦೦ ಕೆಲೊರಿ. ಎರಡನೆಯದು ಕರಗಿಸುವುದು: ಗ್ರಾಮಿಗೆ ೮೦ರಂತೆ ೮,೦೦೦. ಮೂರನೆಯದು ನೀರನ್ನು ಸೊನ್ನೆಯಿಂದ ೧೦೦ಕ್ಕೆ ಏರಿಸುವುದು: ೧೦,೦೦೦. ನಾಲ್ಕನೆಯದು ಕುದಿಯುವ ನೀರನ್ನು ಆವಿ ಮಾಡುವುದು: ಗ್ರಾಮಿಗೆ ೫೪೦ರಂತೆ ೫೪,೦೦೦. ಒಟ್ಟು ೭೨,೫೦೦ ಕೆಲೊರಿ. ಕರಗುವಾಗಲೂ ಆವಿಯಾಗುವಾಗಲೂ ಉಷ್ಣಮಾಪಕವು ಅಲುಗುವುದಿಲ್ಲ. ಆದರೆ ೬೨,೦೦೦ ಕೆಲೊರಿ ಖರ್ಚಾಗುವುದು ಆ ಎರಡು ಮೆಟ್ಟಲುಗಳಲ್ಲಿಯೇ. ಪದಾರ್ಥದ ರೂಪವು ಬದಲಾಗುವೆಡೆಯಲ್ಲಿ ಒಂದು ಮೆಟ್ಟಲನ್ನು ಬೇರೆಯಾಗಿ ಬರೆದುಕೊಳ್ಳಬೇಕೆಂಬ ಒಂದೇ ನಿಯಮವನ್ನು ಮಕ್ಕಳಿಗೆ ಹೇಳಿಕೊಟ್ಟರೆ ಇಂಥ ಲೆಕ್ಕಗಳಲ್ಲಿ ಅವರು ಎಡವಲಾರರು.

ಇನ್ನು ನಮ್ಮ ಕೈಯ ವಿಚಾರ. ಒಂದು ಗ್ರಾಂ ಕುದಿನೀರು ಕೈಮೇಲೆ ಬಿದ್ದು ೧೦೦ರಿಂದ ಶರೀರದ ೩೭ ಡಿಗ್ರಿಗೆ ಇಳಿಯುವಾಗ ೬೩ ಕೆಲೊರಿಗಳನ್ನು ಬಿಟ್ಟುಕೊಡುತ್ತದೆ. ಒಂದು ಗ್ರಾಂ ಆವಿಯಾದರೋ ಮೊದಲು ನೀರಾಗುವಾಗಲೇ ೫೪೦ನ್ನು ಚರ್ಮಕ್ಕೆ ಸುರಿದು, ಆ ಮೇಲೆ ಈ ೬೩ನ್ನೂ ಕೊಡುತ್ತದೆ, ಒಟ್ಟು ೬೦೩. ಎರಡರ ಉಷ್ಣತೆಯೂ ಒಂದೇ, ಆದರೆ ಸುಡುವ ಶಕ್ತಿ ಒಂಬತ್ತು ಪಟ್ಟಿಗೂ ಮಿಗಿಲು. ಆದಕಾರಣ ಮುಚ್ಚಳವನ್ನು ಬಟ್ಟೆಯಿಂದ ಹಿಡಿದು, ಆಚೆಯ ಅಂಚನ್ನು ಮೊದಲು ಎತ್ತಿ, ಆವಿಯನ್ನು ಮುಖಕ್ಕೆ ಎದುರಲ್ಲದ ದಿಕ್ಕಿಗೆ ಬಿಡಬೇಕು. ಒತ್ತಡ ಇಳಿಯದ ಕುಕ್ಕರನ್ನು ಬಲಾತ್ಕಾರದಿಂದ ತೆರೆಯಲೇಬಾರದು. ಹಾಗೂ ಸುಟ್ಟರೆ, ಬಳೆ ಉಂಗುರಗಳನ್ನು ಕೂಡಲೇ ತೆಗೆದು, ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯತಕ್ಕದ್ದು. ಬೆಣ್ಣೆ, ಮಸಿ, ಹಲ್ಲುಜ್ಜುವ ಪೇಸ್ಟು, ಮಂಜುಗಡ್ಡೆ ಇವು ಯಾವುವೂ ಕೂಡವು. ಸುಟ್ಟವರು ಮಕ್ಕಳಾದರೆ, ಇಲ್ಲವೆ ಮುಖ ಸುಟ್ಟಿದ್ದರೆ, ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

ಒಲೆಯ ಖರ್ಚಿಗೂ ಇದೇ ಲೆಕ್ಕವು ಅನ್ವಯಿಸುತ್ತದೆ. ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿಗೆ ಬಂದಿತೆಂದರೆ, ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರದು. ಬೇಳೆಯೂ ಬೇಗ ಬೇಯದು. ಹೆಚ್ಚಿನ ಉರಿಯೆಲ್ಲ ಆವಿಯಾಗಿ ಹಾರಿಹೋಗುತ್ತದೆ. ಕಾಲು ಲೀಟರ್ ನೀರು ವೃಥಾ ಆವಿಯಾದರೆ ೧,೩೫,೦೦೦ ಕೆಲೊರಿ ನಷ್ಟ. ಅಷ್ಟರಿಂದ ಸುಮಾರು ಎರಡು ಲೀಟರಿನಷ್ಟು ತಣ್ಣೀರನ್ನು ಕುದಿಗೆ ತರಬಹುದಾಗಿತ್ತು. ಆದ್ದರಿಂದ ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ ಮುಚ್ಚಳವನ್ನಿಡುವುದೇ ಜಾಣತನ. ಕುಕ್ಕರಿನಲ್ಲಿ ಬೇಗ ಬೇಯುವುದು ಉರಿಯ ಮಹಿಮೆಯಿಂದಲ್ಲ. ಒತ್ತಡದಿಂದ ಕುದಿಯುವ ಮಟ್ಟವೇ ಸುಮಾರು ೧೨೦ ಡಿಗ್ರಿಗೆ ಏರುವುದರಿಂದ. ಅಲ್ಲಿಯೂ ಸೀಟಿ ಕೂಗಿದ ಮೇಲೆ ಸಣ್ಣ ಉರಿಯೇ ಸಾಕು.

ಹುಡುಗನು ಮರುದಿನ ಲೆಕ್ಕವನ್ನು ತಿದ್ದಿ ಬರೆದು ತಂದು ತೋರಿಸಿದನು, ಸರಿಯಾಗಿತ್ತು. ನಮ್ಮ ಮುಂಗೈಯ ಕಲೆ ಇನ್ನೂ ಮಾಸಿಲ್ಲ. ಅಡಿಗೆಯ ಮನೆಗೆ ಹೋದಾಗಲೆಲ್ಲ ಈಗ ನಾವು ಮೊದಲು ಕೈಬಟ್ಟೆಯನ್ನು ಹುಡುಕುತ್ತೇವೆ.