ಕಡಲಿಲ್ಲದ ಊರಿನಲ್ಲಿ

ಆಗ ಅಂಕೋಲೆಯಲ್ಲಿ ಕಾಲೇಜಿರಲಿಲ್ಲ. ಕಾರವಾರದ ಬಸ್ಸು ಹಿಡಿದು, ಅರಬೈಲು ಘಟ್ಟವೇರಿ ಧಾರವಾಡದ ಕರ್ನಾಟಕ ಕಾಲೇಜನ್ನು ಸೇರಿದ ನನಗೆ ಮೊದಮೊದಲು ನಿದ್ರೆಯೇ ಬಾರದು. ಕಿವಿ ಕಡಲಿನ ಮೊರೆತವನ್ನು ಅರಸುತ್ತಿತ್ತು. ಮಳೆಯಾದರೂ ಅಲ್ಲಿ ನಮ್ಮಲ್ಲಿಯಂತೆ ಭೋರ್ಗರೆಯದು, ಜಿಟಿಜಿಟಿ ಗೊಣಗುವುದು! ರೊಟ್ಟಿಯ ಮುಂದೆ ಕುಳಿತು ಕುಚ್ಚಲಕ್ಕಿಯ ಗಂಜಿಯನ್ನು ನೆನೆದು ಅತ್ತುದೂ ಉಂಟು. ಓದು ಬಿಟ್ಟು ಮರಳುವೆನೆಂದು ಬರೆದ ಕಾಗದ ವಾರಗಟ್ಟಲೆ ಜೇಬಿನಲ್ಲಿತ್ತು. ಒಂದು ರಾತ್ರಿ ವಿಜಾಪುರದ ಕಡೆಯ ಗೆಳೆಯನೊಬ್ಬ ನನ್ನ ಭರಣಿಯ ಮಿಡಿ ಉಪ್ಪಿನಕಾಯಿಯನ್ನು ರೊಟ್ಟಿಗೆ ಹಚ್ಚಿಕೊಳ್ಳುತ್ತ, “ಸಮುದ್ರ ಹೆಂಗಿರ್ತದೋ?” ಎಂದ. ಹೇಳುತ್ತ ಹೋದೆ, ನಡುರಾತ್ರಿಯಾಯಿತು. ಕಾಗದವನ್ನು ಹರಿದದ್ದು ಆಮೇಲೆ.

1966ರಲ್ಲಿ ದಿನಕರ ದೇಸಾಯಿಯವರ ಪ್ರಯತ್ನದಿಂದ ಅಂಕೋಲೆಗೇ ಗೋಖಲೆ ಸೆಂಟಿನರಿ ಕಾಲೇಜು ಬಂದಿತು. ನನ್ನ ತಂಗಿ ಮನೆಯಿಂದಲೇ ನಡೆದುಹೋಗಿ ಓದಿದಳು. “ಮನೆಯ ನೆನಪು ಅಷ್ಟು ಕಾಡುವುದೇ, ಅಣ್ಣ?” ಎಂದು ನಗುತ್ತಿದ್ದವಳು, ಘಟ್ಟದ ಮೇಲಿನ ಊರಿಗೆ ಸೊಸೆಯಾಗಿ ಹೋದ ತಿಂಗಳಲ್ಲೇ ನನಗೆ ನಾಲ್ಕು ಕಾಗದ ಬರೆದಳು.