ಹನ್ನೆರಡು ವಾರ ಮೊದಲೇ ಬಂದವರ ಎಲುಬು

ಪುತ್ತಿಗೆ, ಸೀತಾಂಗೋಳಿ ಕಡೆಯಲ್ಲಿ ದಿನ ತುಂಬುವ ಮೊದಲೇ ಹೆರಿಗೆ ನೋವು ಶುರುವಾದರೆ ಕಾರು ಕುಂಬಳೆಗೆ ಇಳಿದು, ತಲಪಾಡಿ ದಾಟಿ ಮಂಗಳೂರಿಗೆ ಓಡುವುದೇ ವಾಡಿಕೆ. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಕೇರಳ–ಕರ್ನಾಟಕ ಗಡಿ ಮುಚ್ಚಿದಾಗ ಈ ದಾರಿ ಎಷ್ಟು ಅನಿವಾರ್ಯವೆಂದು ಎರಡೂ ರಾಜ್ಯಗಳಿಗೆ ಗೊತ್ತಾಯಿತು. 28 ವಾರಕ್ಕೇ ಹುಟ್ಟಿದ, ಒಂದು ಕಿಲೋ ತೂಗುವ ಮಗು ಇಂದು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಬದುಕಿ ಉಳಿಯುವುದು ಅಪರೂಪವಲ್ಲ. ಉಸಿರಾಟ ಸರಿಹೋಯಿತು, ತೂಕ ಏರಿತು ಎಂದು ಮನೆಯವರು ಸಮಾಧಾನಪಡುವ ಹೊತ್ತಿಗೆ, ಒಂದೂವರೆ ತಿಂಗಳ ಆಸುಪಾಸಿನಲ್ಲಿ, ಖನಿಜ ಸಾಲದ ಎಲುಬಿನ ತಕರಾರು ಕಾಣಿಸಿಕೊಳ್ಳುತ್ತದೆ.

ನನ್ನ ಮಟ್ಟಿಗೆ ಇದು ವೈದ್ಯರ ಗೆಲುವೇ ಬೆಳಕಿಗೆ ತಂದ ಕಾಯಿಲೆ. ಹೆರಿಗೆಗೆ ಮುನ್ನ ತಾಯಿಗೆ ಸ್ಟೆರಾಯ್ಡ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರಾ, ಶ್ವಾಸಕೋಶ ಕುಸಿಯದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಚಿಕಿತ್ಸೆಯ ಫಲ ಪ್ರಕಟಿಸಿದರು. ಅದಕ್ಕೆ ಮೊದಲು ಇಷ್ಟು ಸಣ್ಣ ಮಕ್ಕಳು ಹೆಚ್ಚಾಗಿ ಎಲುಬು ಸವೆಯುವಷ್ಟು ದಿನ ಬದುಕುತ್ತಿರಲಿಲ್ಲ.

ಕಾರಣದ ಲೆಕ್ಕ ಮಾತ್ರ ಅದಕ್ಕಿಂತ ಹಳೆಯದು. ಬ್ರಿಟನ್ನಿನ ಎಲ್ಸಿ ವಿಡೋಸನ್ ಮತ್ತು ಸ್ಪ್ರೇ 1951ರಲ್ಲಿ ಭ್ರೂಣದ ರಾಸಾಯನಿಕ ಬೆಳವಣಿಗೆಯನ್ನು ಅಳೆದು ಬರೆದರು. ಒಂದು ಕಿಲೋ ತೂಕದ ಭ್ರೂಣದಲ್ಲಿರುವ ಕ್ಯಾಲ್ಸಿಯಂ ಸುಮಾರು 6 ಗ್ರಾಂ. ದಿನ ತುಂಬಿದ ಮಗುವಿನಲ್ಲಿ 28 ಗ್ರಾಂ ಹತ್ತಿರ. ಎಲುಬಿನ ಖನಿಜದಲ್ಲಿ ನೂರಕ್ಕೆ 80ರಷ್ಟು ಕೊನೆಯ ಮೂರು ತಿಂಗಳಲ್ಲೇ ತುಂಬುತ್ತದೆ. ಆ ದಿನಗಳಲ್ಲಿ ಹೊಕ್ಕುಳಬಳ್ಳಿಯ ಮೂಲಕ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 100ರಿಂದ 130 ಮಿಲಿಗ್ರಾಂ ಕ್ಯಾಲ್ಸಿಯಂ ಒಳಬರುತ್ತದೆ. 100 ಮಿಲಿಲೀಟರ್ ತಾಯಿಹಾಲಿನಲ್ಲಿ ಇರುವುದು 25 ಮಿಲಿಗ್ರಾಂ ಆಸುಪಾಸು. ಮಗು ಕಿಲೋಗೆ 180 ಮಿಲಿಲೀಟರ್ ಕುಡಿದರೂ ಅರ್ಧಕ್ಕೆ ಮುಟ್ಟದು. ಫಾಸ್ಫರಸ್ಸಿನ ಕೊರತೆ ಇನ್ನೂ ಹೆಚ್ಚು ಕಾಡುತ್ತದೆ.

ಅಜ್ಜಿಯಂದಿರು ಹೇಳುವ ಎಳೆಬಿಸಿಲು ಇಲ್ಲಿ ಸಾಲದಿರುವುದು ಇದಕ್ಕೇ. ಬಿಸಿಲಿನಿಂದ ವಿಟಮಿನ್ ಡಿ ಸಿಗಬಹುದು, ಖನಿಜ ಸಿಗುವುದಿಲ್ಲ. ಹಾಗೆಂದು ತಾಯಿಹಾಲು ಬಿಡಿಸಬೇಕಾಗಿಲ್ಲ. ಹಿಂಡಿ ತೆಗೆದ ಹಾಲಿಗೇ ಖನಿಜವಿರುವ ಫೋರ್ಟಿಫೈಯರ್ ಪುಡಿ ಬೆರೆಸುತ್ತಾರೆ, ಇಲ್ಲವೇ ಕ್ಯಾಲ್ಸಿಯಂ–ಫಾಸ್ಫೇಟ್ ಸಿರಪ್ ಕೊಡುತ್ತಾರೆ. ಜೊತೆಗೆ ದಿನಕ್ಕೆ 400 ಯೂನಿಟ್‌ನಷ್ಟು ವಿಟಮಿನ್ ಡಿ ಹನಿ. ಫಾಸ್ಫೇಟ್ ಒಂದನ್ನೇ ಸುರಿದರೆ ರಕ್ತದ ಕ್ಯಾಲ್ಸಿಯಂ ಇಳಿದು, ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ, ಎಲುಬಿನಿಂದಲೇ ಖನಿಜ ಕಿತ್ತುಕೊಳ್ಳುತ್ತದೆ. ಅಳತೆ ತಪ್ಪಬಾರದು.

ಪತ್ತೆ ಮಾಡುವುದು ಕಷ್ಟ, ಏಕೆಂದರೆ ಮಗು ಏನನ್ನೂ ತೋರಿಸಿಕೊಳ್ಳುವುದಿಲ್ಲ. ಶ್ವಾಸಕೋಶ ನೋಡಲೆಂದು ತೆಗೆದ ಎದೆಯ ಎಕ್ಸ್‌ರೇಯಲ್ಲಿ, ಎಂದೋ ಮುರಿದು ಕೂಡುತ್ತಿರುವ ಪಕ್ಕೆಲುಬೊಂದು ಆಕಸ್ಮಿಕವಾಗಿ ಕಣ್ಣಿಗೆ ಬೀಳುತ್ತದೆ. ಖನಿಜ ಸಾಕಷ್ಟು ಸೋರಿಹೋಗುವ ತನಕ ಎಕ್ಸ್‌ರೇಗೂ ಅದರ ಸುಳಿವಿಲ್ಲ. ಅದಕ್ಕೆ ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ನಾಲ್ಕೈದು ವಾರದಿಂದಲೇ ರಕ್ತ ಪರೀಕ್ಷೆ. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಲೀಟರಿಗೆ 800–1000 ಯೂನಿಟ್ ದಾಟಿದರೆ, ಫಾಸ್ಫರಸ್ ಡೆಸಿಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗೇ ಉಳಿದರೆ ಎಚ್ಚರಗೊಳ್ಳಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ ಹೇಳಿತು. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ದೀರ್ಘಕಾಲದ ಸ್ಟೆರಾಯ್ಡ್ ಕೂಡ ಎಲುಬಿಗೆ ಶತ್ರು. ಬೇಡವೆಂದಾದರೆ ವೈದ್ಯರೇ ಅವನ್ನು ನಿಲ್ಲಿಸುವುದು ಮೇಲು.

ಇಂಥ ಮಗುವಿನ ಬಟ್ಟೆ ಬದಲಿಸುವಾಗ ನರ್ಸ್ ಎರಡೂ ಪಾದ ಹಿಡಿದು ಎತ್ತುವುದಿಲ್ಲ. ಸೊಂಟದಡಿ ಅಂಗೈ ಇಟ್ಟು ಮೆಲ್ಲಗೆ ಹೊರಳಿಸುತ್ತಾಳೆ. ಮನೆಗೆ ಬಂದ ಮೇಲೆ ಮೀಯಿಸಲು ಬರುವ ಹೆಂಗಸಿಗೂ ಇದನ್ನು ಹೇಳಿಡುವುದು ಒಳ್ಳೆಯದು. ಎಣ್ಣೆ ತಿಕ್ಕಿ ಕೈಕಾಲು ಜಗ್ಗಿ ಎಳೆಯುವ ನಮ್ಮ ಕ್ರಮ ಈ ಎಲುಬಿಗೆ ಆಗದು. ಆದರೆ ಹಳಬರ ಅಂದಾಜು ಪೂರ್ತಿ ತಪ್ಪೂ ಅಲ್ಲ. ದಿನಕ್ಕೆ ಐದು–ಹತ್ತು ನಿಮಿಷ ಕೀಲುಗಳನ್ನು ಹಗುರವಾಗಿ ಮಡಚಿ ಬಿಡಿಸಿದ ಅಕಾಲಿಕ ಶಿಶುಗಳಲ್ಲಿ ತೂಕವೂ ಎಲುಬಿನ ಖನಿಜವೂ ಹೆಚ್ಚಿದ್ದನ್ನು ಅಮೆರಿಕದ ಮೋಯರ್-ಮಿಲ್ಯೂರ್ ಮತ್ತು ಸಂಗಡಿಗರು 1995ರಲ್ಲಿ ವರದಿ ಮಾಡಿದರು. ಆ ಲಾಭ ಮಗು ದೊಡ್ಡದಾದ ಮೇಲೂ ಉಳಿಯುತ್ತದೆಯೇ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.