ನಿಮಗಿದು ಗೊತ್ತೆ? ಡಿಕ್ಕಿಯ ಕಾವು 1.8 ಲಕ್ಷ ಕೋಟಿ ಡಿಗ್ರಿ!

ಜಿನೀವಾ ಬಳಿಯ ಕಣವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಸೀಸದ ನ್ಯೂಕ್ಲಿಯಸ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಡಿಕ್ಕಿ ಹೊಡೆಸಿದರೆ ಸಾವಿರಾರು ಕಣಗಳು ಚಿಮ್ಮುತ್ತವೆ. ಯಾವ ಕಣ ಎಷ್ಟು ಎಂದು ಅಂದಾಜಿಸಲು ಮುಖ್ಯವಾಗಿ ಬೇಕಾದದ್ದು ತಾಪಮಾನವೊಂದೇ! ಹಗುರ ಕಣ ಹೆಚ್ಚು, ಭಾರದ್ದು ಕಡಿಮೆ. ಹಗುರವಾದ ಪಯಾನ್‌ನಿಂದ ಹೀಲಿಯಂ ನ್ಯೂಕ್ಲಿಯಸ್‌ವರೆಗೂ ಈ ‘ಉಷ್ಣ ಮಾದರಿ’ಯ ಲೆಕ್ಕ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಕಣಗಳು ರೂಪುಗೊಳ್ಳುವಾಗಿನ ಆ ತಾಪಮಾನ ಸುಮಾರು 1.8 ಲಕ್ಷ ಕೋಟಿ ಡಿಗ್ರಿ, ಸೂರ್ಯನ ಒಡಲಿನದಕ್ಕಿಂತ ಲಕ್ಷ ಪಟ್ಟು ಹೆಚ್ಚು. ಸೋಜಿಗವೆಂದರೆ, ಡಿಕ್ಕಿಯ ಗೊಡವೆಯೇ ಇಲ್ಲದೆ, ಪ್ರೋಟಾನ್‌ನಂಥ ಕಣಗಳ ಮೂಲಘಟಕಗಳಾದ ಕ್ವಾರ್ಕ್‌ಗಳು ಕೂಡಿ ಕಣಗಳಾಗುವ ತಾಪಮಾನವನ್ನು ಸೂಪರ್‌ಕಂಪ್ಯೂಟರ್‌ನಲ್ಲಿ ಲೆಕ್ಕಹಾಕಿದ ತಂಡಕ್ಕೂ 2019ರಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಇದೇ ಅಂಕಿ. ಆ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಸಾದ್ ಹೆಗ್ಡೆ ಅವರೂ ಇದ್ದರು.